ಎನ್‌ಎಬಿಎಚ್ ತಪಾಸಣೆಗೆ ಮೂರೇ ವಾರ: ವಾರ್ಡಲ್ಲಿ ಎಲ್ಲಿಂದ ಶುರು ಮಾಡೋದು?

ವಾರ್ಡ್ ಇನ್‌ಚಾರ್ಜ್, ಹಾಸನ:
60 ಹಾಸಿಗೆಯ ಆಸ್ಪತ್ರೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಎನ್‌ಎಬಿಎಚ್‌ನವರು ಬರ್ತಿದ್ದಾರೆ. ಪಾಲಿಸಿ, ಮ್ಯಾನುಯಲ್ ಎಲ್ಲ ಕ್ವಾಲಿಟಿಯವರು ನೋಡ್ಕೊಳ್ತಿದ್ದಾರೆ; ಕ್ರ್ಯಾಶ್ ಕಾರ್ಟ್ (ತುರ್ತು ಚಿಕಿತ್ಸೆಯ ಸಾಮಾನಿನ ಗಾಡಿ), ಔಷಧಿ, ಕೇಸ್‌ಶೀಟ್ ನನ್ನ ಪಾಲಿಗೆ ಬಂದಿದೆ. ಫ್ರಿಡ್ಜ್ ಟೆಂಪರೇಚರ್ ಚಾರ್ಟಲ್ಲಿ ಹೋದ ತಿಂಗಳು ಆರು ದಿನ ಖಾಲಿ. ಅದನ್ನೇನು ಮಾಡೋದು? ಹೊಸ ಸಿಸ್ಟರ್‌ಗಳು ಪ್ರಶ್ನೆ ಕೇಳಿದರೆ ತಬ್ಬಿಬ್ಬಾಗ್ತಾರೆ, ಅವರನ್ನು ಹೇಗೆ ತಯಾರು ಮಾಡೋದು?

ಐಸಿಯು ಸಿಸ್ಟರ್:
ಆ ಆರು ದಿನ ಖಾಲಿಯಾಗೇ ಇರಲಿ ಮೇಡಂ, ದಯವಿಟ್ಟು ತುಂಬಬೇಡಿ. ಒಂದೇ ಪೆನ್ನು, ಒಂದೇ ಕೈಬರಹ, ದಿನವೂ 4 ಡಿಗ್ರಿ ಅಂತಿದ್ದರೆ ತಪಾಸಣೆಗೆ ಬರೋ ಅಸೆಸರ್‌ಗೆ ಕಂಡೇ ಕಾಣುತ್ತೆ. ಡ್ಯೂಟಿ ರೋಸ್ಟರ್ ತರಿಸಿ, ಸಹಿ ಹಾಕಿದವರು ಅವತ್ತು ರಜೆ ಅಂತ ಗೊತ್ತಾದರೆ ಮಿಕ್ಕ ರಿಜಿಸ್ಟರ್‌ಗಳನ್ನೂ ನಂಬಲ್ಲ. ಕೆಳಗೆ ಇವತ್ತಿನ ತಾರೀಖು ಹಾಕಿ, ಯಾಕೆ ತಪ್ಪಿತು, ಇನ್ಮೇಲೆ ಯಾವ ಶಿಫ್ಟಲ್ಲಿ ಯಾರ ಜವಾಬ್ದಾರಿ ಅಂತ ಬರೀರಿ. 2ರಿಂದ 8 ಡಿಗ್ರಿ ದಾಟಿದ್ದರೆ ಏನು ಮಾಡಿದಿರಿ ಅನ್ನೋದೂ ಬೇಕು: ಔಷಧಿ ಬೇರೆ ಫ್ರಿಡ್ಜಿಗೆ ಹೋಯ್ತಾ, ಬಳಸದೆ ತಡೆದಿಟ್ಟು ಫಾರ್ಮಸಿಗೆ ಹೇಳಿದ್ರಾ?

ಕ್ರ್ಯಾಶ್ ಕಾರ್ಟ್‌ಗೆ ಒಂದು ದಿನ ಪೂರ್ತಿ ಕೊಡಿ. ಪ್ರತಿ ಡ್ರಾಯರ್ ಬಿಚ್ಚಿ ಪಟ್ಟಿ ಜೊತೆ ಎಣಿಸಿ, ಎಕ್ಸ್‌ಪೈರಿ ಹತ್ತಿರ ಇರೋದನ್ನು ಮುಂದಕ್ಕೆ ಇಡಿ, ನಂಬರ್ ಇರೋ ಪ್ಲಾಸ್ಟಿಕ್ ಲಾಕ್ ಹಾಕಿ ಆ ನಂಬರ್ ರಿಜಿಸ್ಟರಲ್ಲಿ ಬರೀರಿ. ಆಮೇಲೆ ದಿನವೂ ಡ್ರಾಯರ್ ಬಿಚ್ಚೋದು ಬೇಡ. ಲಾಕ್ ನಂಬರ್, ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡೋ ಯಂತ್ರ), ಆಕ್ಸಿಜನ್, ಸಕ್ಷನ್ ನೋಡಿದರೆ ಸಾಕು. ಡಿಫಿಬ್ರಿಲೇಟರ್ ಟೆಸ್ಟನ್ನು ಪ್ಲಗ್ ತೆಗೆದು ಬ್ಯಾಟರಿಯಲ್ಲೂ ಮಾಡಿ. ಟೆಸ್ಟಿನ ಪೇಪರ್ ಸ್ಟ್ರಿಪ್ ಕೆಲವು ತಿಂಗಳಲ್ಲಿ ಮಾಸಿಹೋಗುತ್ತೆ, ಜೆರಾಕ್ಸ್ ಅಂಟಿಸಿ. ಕೈಕೊಡೋದು ಯಾವಾಗಲೂ ಚಿಕ್ಕ ವಸ್ತುಗಳೇ: ಗಂಟಲೊಳಗೆ ನೋಡೋ ಲ್ಯಾರಿಂಗೋಸ್ಕೋಪ್ ಬಲ್ಬ್ ಉರಿಯಲ್ಲ, ಆಕ್ಸಿಜನ್ ಸಿಲಿಂಡರ್ ತುಂಬಿರುತ್ತೆ ಆದರೆ ತೆರೆಯೋ ಕೀ ಇರಲ್ಲ.

ನರ್ಸಿಂಗ್ ಸೂಪರ್‌ವೈಸರ್, ಮೈಸೂರು:
ಕೇಸ್‌ಶೀಟಲ್ಲಿ ಹೆಚ್ಚಾಗಿ ಸಿಕ್ಕಿಬೀಳೋದು ನೋವಿನ ಮರುಮೌಲ್ಯಮಾಪನ. ನೋವಿನ ಸ್ಕೋರ್ 10ಕ್ಕೆ 7, ಇಂಜೆಕ್ಷನ್ ಕೊಟ್ಟಾಯ್ತು, ಆಮೇಲೆ ಸ್ಕೋರ್ ಎಷ್ಟಾಯ್ತು ಅಂತ ಯಾರೂ ಬರೆದಿರಲ್ಲ. ಬೀಳುವ ಅಪಾಯ ಹೆಚ್ಚು ಅಂತ ಸ್ಕೋರ್ ಹಾಕಿ ಬೆಡ್‌ನ ಸೈಡ್ ರೇಲ್ ಇಳಿಸಿಟ್ಟಿರೋದೂ ಇದೇ ಥರದ ತಪ್ಪು. ಅಸೆಸರ್ ಕಾಗದ ಓದಿದ ಮೇಲೆ ನೇರ ಆ ರೋಗಿಯ ಹತ್ತಿರಾನೇ ಹೋಗ್ತಾರೆ.

ಫೋನಲ್ಲಿ ಬಂದ ಆರ್ಡರ್ ಬರೆದುಕೊಂಡು ಡಾಕ್ಟರ್‌ಗೆ ವಾಪಸ್ ಓದಿ ಹೇಳಬೇಕು, 24 ಗಂಟೆಯೊಳಗೆ ಅವರ ಸಹಿ ಬೀಳಬೇಕು. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಸಾಮಾನ್ಯ ಸಲೈನ್, ಡಿಸ್ಟಿಲ್ಡ್ ವಾಟರ್ ಜೊತೆ ಇದ್ದರೆ ಈಗಲೇ ತೆಗೆಸಿ. ಅದಲುಬದಲಾದರೆ ಕಷ್ಟ; ಇದು ತಪಾಸಣೆಗಲ್ಲ, ಜೀವದ ಪ್ರಶ್ನೆ. ಇಂಥ ಹೈ ರಿಸ್ಕ್ ಔಷಧಿಗೆ ಇಬ್ಬರು ನೋಡಿ ಇಬ್ಬರೂ ಸಹಿ ಮಾಡಬೇಕು. ಇನ್ಸುಲಿನ್ ವಯಲ್ ಮೇಲೆ ತೆರೆದ ದಿನ, ಎಸೆಯುವ ದಿನ ಎರಡೂ ಇರಲಿ. ಸಾಮಾನ್ಯವಾಗಿ 28 ದಿನ, ಕಂಪನಿ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಲೆಕ್ಕ.

ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್:
ಹೊಸಬರಿಗೆ ಬಾಯಿಪಾಠ ಮಾಡಿಸಬೇಡಿ, ಕೈಯಲ್ಲಿ ಮಾಡಿಸಿ. ನೆಲದ ಮೇಲೆ ರಕ್ತದ ಬದಲು ಕೆಂಪು ಬಣ್ಣದ ನೀರು ಚೆಲ್ಲಿ, ಅದನ್ನು ಶುಚಿ ಮಾಡೋ ಸ್ಪಿಲ್ ಕಿಟ್ ತರಿಸಿ. ಕ್ರಿಮಿ ಕೊಲ್ಲೋ ಹೈಪೋಕ್ಲೋರೈಟ್ ದ್ರಾವಣವನ್ನೂ ಅವರೇ ಬೆರೆಸಲಿ. 5% ಹೈಪೋಕ್ಲೋರೈಟ್ 200 ಎಂಎಲ್‌ಗೆ 800 ಎಂಎಲ್ ನೀರು ಸೇರಿದರೆ 1% ಆಗುತ್ತೆ. ಕ್ಯಾನ್ 10% ಇದ್ದರೆ 100ಕ್ಕೆ 900. ಕ್ಯಾನ್ ಮೇಲಿನ ಲೇಬಲ್ ಓದದೇ ಬೆರೆಸೋದರಿಂದಲೇ ಎಡವಟ್ಟಾಗೋದು. ಹಳೇ ದ್ರಾವಣಕ್ಕೆ ಶಕ್ತಿ ಇರಲ್ಲ, ಬೆರೆಸಿದ ದಿನ, ಹೊತ್ತು ಬರೀರಿ.

ಆಸ್ಪತ್ರೆ ಕಸದ ವಿಷಯದಲ್ಲಿ ಗ್ಲೌಸ್ ಹಳದಿ ಚೀಲಕ್ಕೆ ಹಾಕೋ ಹಳೇ ಅಭ್ಯಾಸ ಇನ್ನೂ ಹೋಗಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಗ್ಲೌಸ್, ಐವಿ ಸೆಟ್ ಕೆಂಪಿಗೆ. ರಕ್ತ ಹತ್ತಿದ ಗಾಜ್ ಬಟ್ಟೆ, ಬ್ಲಡ್ ಬ್ಯಾಗ್ ಹಳದಿಗೆ. ಗಾಜಿನ ಆಂಪೂಲ್ ನೀಲಿಗೆ. ಸೂಜಿ ಬಿಳಿ ಡಬ್ಬಿಗೆ, ಅದು ಮುಕ್ಕಾಲು ತುಂಬಿದಾಗ ಮುಚ್ಚಿಬಿಡಿ. ಸೂಜಿ ಚುಚ್ಚಿದರೆ ಹಿಂಡದೆ ಸೋಪು ನೀರಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಪಿಇಪಿ (ಎಚ್‌ಐವಿ ತಗುಲದಂತೆ ಕೊಡೋ ಔಷಧಿ) ಬೇಕಾದರೆ ಸಾಧ್ಯವಾದಷ್ಟೂ 2 ಗಂಟೆಯೊಳಗೆ, 72 ಗಂಟೆ ದಾಟೋ ಹಾಗಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಡೋ ಹೊಸ ಸಿಸ್ಟರ್‌ಗಳಿದ್ದಾರೆ, ಅವರಿಗೆ ಮೊದಲು ಧೈರ್ಯ ಹೇಳಿ.

ವಾರ್ಡ್ ಇನ್‌ಚಾರ್ಜ್, ಹಾಸನ:
ಸಿಲಿಂಡರ್ ಕೀಯನ್ನು ಎಲ್ಲಿ ಇಡೋದು? ಎಷ್ಟು ಸಲ ತಂದಿಟ್ಟರೂ ಕಾಣೆಯಾಗುತ್ತೆ.

ಐಸಿಯು ಸಿಸ್ಟರ್:
ಸಿಲಿಂಡರ್ ಕತ್ತಿಗೇ ಚೈನ್ ಹಾಕಿ ಕಟ್ಟಿಬಿಡಿ. ದಿನದ ಚೆಕ್‌ಲಿಸ್ಟಲ್ಲಿ ಕೀಗೆ ಬೇರೆಯೇ ಸಾಲು ಇರಲಿ, ‘ಆಕ್ಸಿಜನ್ ಓಕೆ’ ಅಂತ ಒಂದೇ ಟಿಕ್ ಬೇಡ.