ನಡೆದು ಹೋದವರನ್ನು ಎತ್ತಿಕೊಂಡು ಬಂದೆವು

ಓದುಗರ ಸ್ಪಂದನ

ಕಳೆದ ವಾರದ ಪತ್ರ: ಸಿಂಧನೂರು ತಾಲ್ಲೂಕಿನ ಸೊಸೆಯೊಬ್ಬರು ಬರೆದಿದ್ದರು. 78 ವರ್ಷದ ಅತ್ತೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಹೋಗುವಾಗ ತಾವೇ ಆಟೊ ಹತ್ತಿದವರನ್ನು ಬರುವಾಗ ಇಬ್ಬರು ಎತ್ತಿ ಇಳಿಸಿದರು. ರಿಪೋರ್ಟುಗಳೆಲ್ಲ ನಾರ್ಮಲ್. ಮೂರು ವಾರವಾದರೂ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಸಂಜೆಯಾದರೆ, ತೀರಿಕೊಂಡ ಮಾವನವರು ಎದುರಿಗೆ ಇದ್ದಾರೆಂಬಂತೆ ‘ಎತ್ತು ಕಟ್ಟಿದಿರಾ?’ ಎಂದು ಕೇಳುತ್ತಾರೆ. ಮೈದುನ ‘ವಯಸ್ಸಾಯಿತು ಬಿಡಿ’ ಎನ್ನುತ್ತಾನೆ, ನಾದಿನಿ ‘ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎನ್ನುತ್ತಾಳೆ, ಗಂಡ ಹೈದರಾಬಾದಿಗೆ ಒಯ್ಯೋಣ ಎನ್ನುತ್ತಾರೆ. ‘ಅತ್ತೆ ಮತ್ತೆ ನಡೆಯುತ್ತಾರೆಯೇ? ತಪ್ಪು ನನ್ನದೇ?’ ಎಂಬುದು ಅವರ ಪ್ರಶ್ನೆ.

ತಂಗೀ, ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಿಮ್ಮ ಅತ್ತೆಯಂಥವರನ್ನು ಎಷ್ಟು ಮಂದಿಯನ್ನು ಮಲಗಿಸಿದ್ದೇನೆಯೋ ಲೆಕ್ಕವಿಲ್ಲ. ಮಲಗಿಸಿದ್ದೇನೆ ಎಂದು ಬೇಕೆಂದೇ ಬರೆದೆ. ಮುದುಕಿ ಎದ್ದರೆ ಬಿದ್ದಾಳು, ಬಿದ್ದರೆ ನಮ್ಮ ತಲೆಗೆ ಬಂದೀತು ಎಂದು ಮಂಚದ ಕಂಬಿ ಏರಿಸಿಬಿಡುತ್ತಿದ್ದೆವು. ಮೂತ್ರಕ್ಕೆ ನಳಿಕೆ, ಕೈಗೆ ಸಲೈನ್. ಎರಡು ಕಡೆ ಹಗ್ಗ ಹಾಕಿ ಕಟ್ಟಿದ ಹಾಗೆಯೇ. ಇಡೀ ವಾರ್ಡಿಗೆ ಇಬ್ಬರೇ ಇದ್ದ ರಾತ್ರಿಗಳಲ್ಲಿ ನಮಗೂ ಬೇರೆ ದಾರಿ ಇರಲಿಲ್ಲ. ಆದರೆ ಕಾಲು ಹೋಗುವುದು ಹೀಗೆಯೇ. ಕಾಯಿಲೆಯಿಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳ ಮಾಂಸಖಂಡವೇ ಹೆಚ್ಚುಕಡಿಮೆ ಒಂದು ಕಿಲೊ ಇಳಿದಿತ್ತು. ಗಟ್ಟಿಮುಟ್ಟಾಗಿದ್ದವರ ಪಾಡು ಅದು. ಜ್ವರ ಬಂದು, ಊಟ ಸೇರದೆ ಮಲಗಿದ ನಿಮ್ಮ ಅತ್ತೆಯ ಹನ್ನೊಂದು ದಿನಗಳನ್ನು ನೀವೇ ಲೆಕ್ಕ ಹಾಕಿ. ಕಫ ಕರಗಿದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ, ತೊಡೆ ಕರಗಿದ್ದು ಕಾಣುವುದಿಲ್ಲ.

ಹಾಗೆಂದು ಎಲ್ಲವನ್ನೂ ಆಸ್ಪತ್ರೆಯ ತಲೆಗೆ ಕಟ್ಟಲಾರೆ. ಯುಗಾದಿಯ ಹೊತ್ತಿಗೇ ಅತ್ತೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ಗುಡಿಯ ಕಟ್ಟೆಗೆ ಹೋಗುವುದನ್ನೂ ಬಿಟ್ಟಿದ್ದರು ಎಂದು ನೀವೇ ಬರೆದಿದ್ದೀರಿ. ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ನ್ಯುಮೋನಿಯಾಕ್ಕಿಂತ ಮೊದಲೇ ಜೀವ ಸೊರಗಿತ್ತು. ವೈದ್ಯರು ಫ್ರೇಲ್ಟಿ ಎನ್ನುವುದು ಇದಕ್ಕೆ. ನಾವು ನಿತ್ರಾಣ ಎಂದು ಹೇಳಿ ಸುಮ್ಮನಾಗುತ್ತೇವೆ. ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕುಗ್ಗುವುದು: ಈ ಐದರಲ್ಲಿ ಮೂರು ಇದ್ದರೆ ಫ್ರೇಲ್ಟಿ ಎಂದು ಹಿಡಿಯುವ ಪದ್ಧತಿ 2001ರಿಂದ ಇದೆ. ಅಂಥವರು ಅದೇ ಜ್ವರಕ್ಕೆ ಹೆಚ್ಚು ದಿನ ಆಸ್ಪತ್ರೆಯಲ್ಲಿ ಉಳಿಯುತ್ತಾರೆ, ಮನೆಗೆ ಬಂದ ಮೇಲೆ ಬೀಳುತ್ತಾರೆ, ಮತ್ತೆ ಆಸ್ಪತ್ರೆ ಸೇರುತ್ತಾರೆ, ಸಾವಿನ ಅಪಾಯವೂ ಅವರಿಗೇ ಹೆಚ್ಚು. ಅದೇ 78ರ ಇನ್ನೊಬ್ಬ ಅಜ್ಜಿ ಹತ್ತಿ ಬಿಡಿಸಲು ಹೋಗುತ್ತಿರುತ್ತಾಳೆ. ಆದ್ದರಿಂದ ‘ವಯಸ್ಸಾಯಿತು ಬಿಡಿ’ ಎಂಬ ಮೈದುನನ ಮಾತಿಗೆ ನಾನು ಅರ್ಧ ಅಂಕವನ್ನೂ ಕೊಡುವುದಿಲ್ಲ.

ಫ್ರೇಲ್ಟಿ ಎಷ್ಟಿದೆ ಎಂದು ಅಳೆಯಲು ಕೆನಡಾದವರು ಮಾಡಿದ 1ರಿಂದ 9ರವರೆಗಿನ ಮಾಪಕವೊಂದಿದೆ. ಅದರಲ್ಲಿ ರೋಗಿ ಇವತ್ತು ಹೇಗಿದ್ದಾರೆ ಎಂದು ನೋಡುವುದಿಲ್ಲ, ಕಾಯಿಲೆ ಬೀಳುವ ಎರಡು ವಾರ ಮೊದಲು ಹೇಗಿದ್ದರು ಎಂದು ಕೇಳುತ್ತಾರೆ. ನೀವೂ ಒಂದು ಹಾಳೆಯಲ್ಲಿ ಅದನ್ನೇ ಬರೆಯಿರಿ: ಆಗ ಸ್ನಾನ ತಾವೇ ಮಾಡುತ್ತಿದ್ದರೇ, ರೊಟ್ಟಿ ತಟ್ಟುತ್ತಿದ್ದರೇ, ಗುಳಿಗೆ ನೆನಪಿಟ್ಟು ನುಂಗುತ್ತಿದ್ದರೇ. ಹೈದರಾಬಾದಿಗೆ ಹೋಗುವ ಮೊದಲು ಆ ಹಾಳೆಯೊಂದಿಗೆ ರಾಯಚೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಿರಿಯರ ವಿಭಾಗವನ್ನು ಕೇಳಿ. ಕೇಂದ್ರದ ಹಿರಿಯರ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟಕ್ಕೆ ಹತ್ತು ಹಾಸಿಗೆಯ ವಾರ್ಡು, ಫಿಸಿಯೊಥೆರಪಿ ಎರಡೂ ಸೇರಿವೆ. ಕೇಳದಿದ್ದರೆ ಯಾರೂ ತಾವಾಗಿ ತೋರಿಸುವುದಿಲ್ಲ.

ಸಂಜೆಯ ಎತ್ತಿನ ಮಾತು ಹುಚ್ಚೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಕಾಯಿಲೆಯ ಬೆನ್ನಿಗೆ ಥಟ್ಟನೆ ಬರುವ ಈ ಗಲಿಬಿಲಿಗೆ ಡೆಲಿರಿಯಂ ಎನ್ನುತ್ತಾರೆ. ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಮಲಬದ್ಧತೆ, ಮೂತ್ರದ ಸೋಂಕು, ನೀರು ಸಾಲದಿರುವುದು ಇವೂ ಅದನ್ನು ಕೆದಕುತ್ತವೆ, ಅದನ್ನೊಮ್ಮೆ ಪರೀಕ್ಷೆ ಮಾಡಿಸಿ. ಮಾವ ಸತ್ತು ಎಷ್ಟು ವರ್ಷವಾಯಿತು ಎಂದು ವಾದಿಸಬೇಡಿ. ದೀಪ ಹಾಕಿ, ಕೈ ಹಿಡಿದು ಕೂತುಕೊಳ್ಳಿ.

— ನಿವೃತ್ತ ಶುಶ್ರೂಷಕಿ, ಬಳ್ಳಾರಿ

ಅಕ್ಕಾವರೇ, ಅತ್ತೆ ಮಲಗುವುದು ಯಾವ ಮಂಚದ ಮೇಲೆ? ನವಾರಿನ ಮಂಚವಾಗಿದ್ದರೆ ಅದೇ ಮೊದಲ ಶತ್ರು. ನಡುವೆ ತೊಟ್ಟಿಲಂತೆ ಜೋತುಬಿದ್ದ ಮಂಚದಲ್ಲಿ ಕೂತರೆ ಸೊಂಟ ಮೊಣಕಾಲಿಗಿಂತ ಕೆಳಗಿರುತ್ತದೆ. ಅಲ್ಲಿಂದ ಏಳುವುದು ನನಗೇ ಕಷ್ಟ. ಹಲಗೆಯ ಮಂಚ, ಕೈ ಇರುವ ಗಟ್ಟಿ ಮರದ ಕುರ್ಚಿ, ಕಮೋಡ್ ಕುರ್ಚಿ, ಈ ಮೂರು ಹೊಂದಿಸಿ. ಮೂರು ಹೊತ್ತಿನ ಊಟವೂ ಕುರ್ಚಿಯಲ್ಲೇ ಆಗಲಿ. ಕುರ್ಚಿಯ ಕೈ ಒತ್ತಿ ಎದ್ದು ನಿಲ್ಲುವುದು, ಕೂರುವುದು: ಮೊದಲ ದಿನ ಮೂರು ಸಲ ಸಾಕು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಎಂಟು ಗಂಟೆಯೊಳಗೆ ಮುಗಿಸಿ. ಮೊದಲ ಸಲ ನಿಲ್ಲಿಸುವಾಗ ಬಿಪಿ ನೋಡಬಲ್ಲವರು ಹತ್ತಿರ ಇರಲಿ. ಮಲಗಿದ್ದಾಗಿನ ಮೇಲಿನ ಅಂಕಿ ನಿಂತ ಮೂರು ನಿಮಿಷದೊಳಗೆ 20ರಷ್ಟು ಇಳಿದರೆ ಬಿಪಿ ಗುಳಿಗೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಇನ್ನು ಗಂಜಿ. ‘ಬರಿಯ ಗಂಜಿ ಕೊಡುತ್ತಿದ್ದೇನೆ’ ಎಂದು ನೀವು ಬರೆದದ್ದನ್ನು ಓದಿ ಪತ್ರಿಕೆ ಮಡಚಿ ಇಟ್ಟೆ. ಗಂಜಿಯಿಂದ ಮಾಂಸಖಂಡ ಕಟ್ಟುವುದಿಲ್ಲ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೊಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ನಿಮ್ಮ ಅತ್ತೆ 45 ಕಿಲೊ ಇದ್ದರೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಶೇಂಗಾದಲ್ಲಿ 7. ಮೊಟ್ಟೆ ತಿನ್ನದ ಮನೆಯಾದರೆ ಹೆಸರುಬೇಳೆ ಗಟ್ಟಿಯಾಗಿ ಬೇಯಿಸಿ, ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಶೇಂಗಾ ಪುಡಿ ಕಲಸಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ, ಅವರು ವೈದ್ಯರನ್ನು ಕೇಳಿಯೇ ಕೊಡಬೇಕು.

— ಫಿಸಿಯೊಥೆರಪಿಸ್ಟ್, ರಾಯಚೂರು

ಔಷಧದ ಅಂಗಡಿ ಇಟ್ಟುಕೊಂಡಿರುವ ನನ್ನದು ಒಂದೇ ಮಾತು. ಹಳೆಯ ಗುಳಿಗೆ, ಹೊಸ ಗುಳಿಗೆ, ಕೆಮ್ಮಿನ ಸಿರಪ್ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನಿದ್ದೆಯ ಗುಳಿಗೆ, ಶೀತಕ್ಕೆ ಕೊಡುವ ಹಳೆಯ ಬಗೆಯ ಅಲರ್ಜಿ ಗುಳಿಗೆ ಇವು ಹಿರಿಯರಲ್ಲಿ ಗಲಿಬಿಲಿ ಹೆಚ್ಚಿಸುತ್ತವೆ, ಬೀಳಿಸುತ್ತವೆ. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

— ಸಿರುಗುಪ್ಪ

ತಂಗೀ, ಉಳಿದ ಓದುಗರು ಏನು ಬರೆಯುತ್ತಾರೆಂದು ನನಗೆ ಗೊತ್ತು, ಏಕೆಂದರೆ ನಾನು ಅದನ್ನೆಲ್ಲ ಮಾಡಿದ್ದೇನೆ. ಕುರ್ಚಿ ತಂದೆ, ಮೊಟ್ಟೆ ಬೇಯಿಸಿದೆ, ಅಕ್ಕಿ ಗಿರಣಿಯ ಕೆಲಸ ಬಿಟ್ಟು ಬೆಳಿಗ್ಗೆ ಅಪ್ಪನನ್ನು ನಿಲ್ಲಿಸಿದೆ. ಅವರು ನಡೆಯಲಿಲ್ಲ. ಎಂಟು ತಿಂಗಳು ಇದ್ದು ಹೋದರು. ಕಾಯಿಲೆಗೆ ಮೊದಲೇ ಸ್ನಾನಕ್ಕೂ ಇನ್ನೊಬ್ಬರ ಕೈ ಬೇಕಾಗಿತ್ತು ಅವರಿಗೆ. ಎಲ್ಲಿಂದ ಹೊರಟಿದ್ದೆವು ಎಂದು ಯಾರೂ ನನಗೆ ಹೇಳಿರಲಿಲ್ಲ. ಆದರೆ ಮೂರನೆಯ ತಿಂಗಳಿಗೆ ತಾವೇ ಎದ್ದು ಕೂತು, ತಮ್ಮ ಕೈಯಿಂದ ಊಟ ಮಾಡತೊಡಗಿದರು. ಮೊದಲ ದಿನ ಅನ್ನ ಅರ್ಧ ಅಂಗಿಯ ಮೇಲೆಯೇ ಬಿತ್ತು. ಒರೆಸಲು ಹೋದರೆ ನನ್ನ ಕೈ ತಳ್ಳಿದರು. ನಿಮ್ಮ ಅತ್ತೆ ನಡೆದಾರು, ನಡೆಯದೆಯೂ ಇದ್ದಾರು. ಅಷ್ಟಕ್ಕೇ ಗೆಲುವು ಸೋಲು ಬರೆಯಬೇಡಿ.

ನಿಮ್ಮ ನಾದಿನಿಗೆ ಒಂದು ಮಾತು ತಿಳಿಸಿ: ನಾಲ್ಕು ರಾತ್ರಿ ಬಂದು ತಾಯಿಯ ಪಕ್ಕದಲ್ಲಿ ಮಲಗಲಿ, ಆಮೇಲೆ ಮಾತಾಡಲಿ.

— ಗಂಗಾವತಿ

ಮಗಳೇ, ನಿನ್ನ ಅತ್ತೆಯ ಜಾಗದಲ್ಲಿ ಮಲಗಿದ್ದವನು ನಾನು. ವಯಸ್ಸು 81. ಹೋದ ವರ್ಷ ತೊಡೆಯ ಮೂಳೆ ಮುರಿದು ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಹಗಲಿಗೂ ಒಂದೇ ಟ್ಯೂಬ್‌ಲೈಟು, ರಾತ್ರಿಗೂ ಅದೇ. ಕನ್ನಡಕ ಮಗನ ಚೀಲದಲ್ಲಿತ್ತು. ಕಿವಿಯ ಯಂತ್ರ ಕಳೆದೀತೆಂದು ಸೊಸೆ ತೆಗೆದಿಟ್ಟಿದ್ದಳು. ಹಲ್ಲಿನ ಸೆಟ್ಟು ಕೊಪ್ಪಳದ ಮನೆಯ ಗೂಡಿನಲ್ಲಿ, ಸ್ಟೀಲ್ ಡಬ್ಬಿಯಲ್ಲಿ. ಕಾಣದು, ಕೇಳಿಸದು, ಅಗಿಯಲಾಗದು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಗವಿಮಠದ ಜಾತ್ರೆಯ ದಿನ ಎಂದೆನಂತೆ. ಆಗ ಆಷಾಢ. ಎಲ್ಲರೂ ನಕ್ಕರು, ನಕ್ಕದ್ದು ಮಾತ್ರ ನನಗೆ ಕಂಡಿತು.

ಮೊಮ್ಮಗಳು ಬಂದು ಕನ್ನಡಕ ಹಾಕಿ, ಯಂತ್ರ ಸಿಕ್ಕಿಸಿ, ಕ್ಯಾಲೆಂಡರನ್ನು ಕಣ್ಣೆದುರಿಗೆ ತೂಗುಹಾಕಿದಳು. ಎರಡು ದಿನಕ್ಕೆ ನಾನು ನಾನಾದೆ. ಈಗ ಕೋಲು ಹಿಡಿದು ಅಂಗಳದ ಬೇವಿನ ಮರದವರೆಗೆ ಹೋಗುತ್ತೇನೆ, ಅದರಾಚೆ ಇಲ್ಲ.

ಅತ್ತೆಗೆ ಕನ್ನಡಕ ಇತ್ತೋ ಇಲ್ಲವೋ ನೀನು ಬರೆದಿಲ್ಲ. ಆಸ್ಪತ್ರೆಯಿಂದ ತಂದ ಚೀಲವನ್ನು ಪೂರ್ತಿ ಬಿಚ್ಚಿದ್ದೀಯಾ? ಸೀರೆಗಳ ಕೆಳಗೆ ಒಮ್ಮೆ ನೋಡು.

— ನಿವೃತ್ತ ಶಿಕ್ಷಕ, ಕೊಪ್ಪಳ