ಶಿರಸಿಯಲ್ಲೇ ಕೂತು ಬರವಣಿಗೆಯಿಂದ ಮನೆ ನಡೆಸಬಹುದಾ? ಗುರುತಿನವರ ಹತ್ರ ದುಡ್ಡು ಕೇಳುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಹಳ್ಳಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ ಬರೆಯುವ ಕೆಲಸ ಮಾಡಿದೆ. ಅತ್ತೆಗೆ ಲಕ್ವ ಹೊಡೆದ ಮೇಲೆ ಊರಿಗೆ ಬಂದೆವು. ಯಜಮಾನರು ತೋಟ ನೋಡಿಕೊಳ್ಳುತ್ತಾರೆ, ನಾನು ಮನೆಯಿಂದಲೇ ಬರೆಯುತ್ತೇನೆ. ಹೀಗೆ ಎಂಟು ತಿಂಗಳಾಯಿತು.

ಕೆಲಸ ಇಲ್ಲ ಅಂತಲ್ಲ. ಒಂದು ತಿಂಗಳು 22,000 ರೂಪಾಯಿ ಬಂತು, ಮುಂದಿನ ತಿಂಗಳು 3,500. ಬೆಂಗಳೂರಿನ ಒಬ್ಬರಿಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುತ್ತೇನೆ, ಕನ್ನಡ ಪದಕ್ಕೆ 80 ಪೈಸೆಯಂತೆ. ಊರಲ್ಲಿ ಕೇಳುವವರು ಇನ್ನೂ ಜಾಸ್ತಿ. ದೇವಸ್ಥಾನದ ಸ್ಮರಣ ಸಂಚಿಕೆ, ಸೊಸೈಟಿಯ ವಾರ್ಷಿಕ ವರದಿ, ಯಾರದ್ದೋ ಅಭಿನಂದನ ಗ್ರಂಥ. ಕೊನೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಪ್ರೀತಿಯಿಂದಲೇ ಕೊಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅತ್ತೆಯ ಫಿಸಿಯೋಥೆರಪಿಗೆ ವಾರಕ್ಕೆ ಮೂರು ಸಲ ದುಡ್ಡು ಬೇಕು.

ಇದನ್ನು ಒಂದು ಉದ್ಯೋಗ ಅಂತ ನಡೆಸುವುದು ಹೇಗೆ? ದಿನಾ ಎದುರು ಸಿಗುವವರಿಗೆ ದರ ಹೇಳುವುದು ಹೇಗೆ? ನನಗೆ ಬಾಯೇ ಬರುವುದಿಲ್ಲ.

ಉತ್ತರ 1 (ಕುಮಟೆಯಿಂದ)

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಎರಡು ವರ್ಷ ನೆನಪಾಯಿತು. ನಾನು 13 ವರ್ಷದಿಂದ ಕುಮಟೆಯಲ್ಲೇ ಕೂತು ಈ ಕೆಲಸ ಮಾಡುತ್ತಿದ್ದೇನೆ. ಮಗನ ಓದು, ಮನೆಯ ಸಾಲ ಎರಡೂ ಇದರಲ್ಲೇ ನಡೆದಿದೆ. ಹಾಗಾಗಿ ಆಗುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಆ 80 ಪೈಸೆಯ ವಿಷಯ. ಕನ್ನಡ ಪದ ಎಣಿಸುವುದನ್ನು ಇವತ್ತೇ ಬಿಡಿ. 'ಇನ್ ದಿ ಹೌಸ್' ಇಂಗ್ಲಿಷಿನಲ್ಲಿ ಮೂರು ಪದ. ನಮ್ಮಲ್ಲಿ 'ಮನೆಯಲ್ಲಿ', ಒಂದೇ ಪದ. ನನ್ನ ಹಳೆಯ ಫೈಲುಗಳನ್ನು ಎಣಿಸಿ ನೋಡಿದ್ದೇನೆ, 1000 ಇಂಗ್ಲಿಷ್ ಪದದ ಬರಹ ಕನ್ನಡದಲ್ಲಿ 700ರಿಂದ 750 ಪದಕ್ಕೆ ಇಳಿಯುತ್ತದೆ. ಅಂದ್ರೆ ನೀವು ಬಿಗಿಯಾಗಿ, ಚೆನ್ನಾಗಿ ಬರೆದಷ್ಟೂ ನಿಮಗೆ ದುಡ್ಡು ಕಡಿಮೆ ಬರುತ್ತದೆ. ಇದು ನ್ಯಾಯ ಅಲ್ಲ ಅಲ್ವಾ? ಮೂಲದ ಪದಕ್ಕೆ ದರ ಹೇಳಿ. ಮೂಲ ಮೊದಲೇ ಕೈಯಲ್ಲಿರುತ್ತದೆ, ಒಟ್ಟು ಎಷ್ಟಾಗುತ್ತದೆ ಅಂತ ಇಬ್ಬರಿಗೂ ಕೆಲಸಕ್ಕೆ ಮುಂಚೆಯೇ ಗೊತ್ತಾಗುತ್ತದೆ. ನಾನು ಈಗ ಮೂಲ ಪದಕ್ಕೆ 2 ರೂಪಾಯಿ ತೆಗೆದುಕೊಳ್ಳುತ್ತೇನೆ. ಕಾನೂನು, ಔಷಧದ ವಿಷಯವಾದರೆ 3.

ಇನ್ನು ಊರಿನ ಕೆಲಸ. ನಿಮ್ಮ ಮನೆಯಲ್ಲಿ ತೋಟ ಇದೆ ಅಂದಿರಿ. ಅಡಿಕೆ ಮಾರುಕಟ್ಟೆಗೆ ಒಯ್ದರೆ ಚಾಲಿಗೆ ಒಂದು ದರ, ರಾಶಿಗೆ ಒಂದು, ಕೆಂಪುಗೋಟಿಗೆ ಮತ್ತೊಂದು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಯಾರೂ ಕೊಡುವುದಿಲ್ಲ. ಬರವಣಿಗೆಯನ್ನು ಮಾತ್ರ ನಾವು 'ಪುಟಕ್ಕೆ ಇಷ್ಟು' ಅಂತ ಒಟ್ಟಿಗೆ ಸುರಿದುಬಿಡುತ್ತೇವೆ. ಅವರೇ ಕೊಟ್ಟ ಲೆಕ್ಕ ಇಟ್ಟುಕೊಂಡು ಸೊಸೈಟಿಯ ವರದಿ ಬರೆಯುವುದು ಒಂದು ಬಗೆ. ನಾಲ್ಕು ಮನೆಗೆ ಹೋಗಿ, ಹಿರಿಯರ ಎದುರು ಕೂತು, ಅವರ ಮಾತು ರೆಕಾರ್ಡ್ ಮಾಡಿ ಮನೆತನದ ಇತಿಹಾಸ ಬರೆಯುವುದು ಇನ್ನೊಂದು ಬಗೆ. ಒಂದು ಗಂಟೆಯ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳಲು ನನಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಆ ಗಂಟೆಗಳು ಯಾವ ಪುಟದಲ್ಲೂ ಕಾಣುವುದಿಲ್ಲ. ಅವನ್ನು ಲೆಕ್ಕಕ್ಕೆ ಹಿಡಿಯಿರಿ.

ಬಾಯಿ ಬರುವುದಿಲ್ಲ ಅಂದಿರಲ್ಲ, ನನಗೂ ಬರುತ್ತಿರಲಿಲ್ಲ. ಹಾಗಾಗಿ ಒಂದು ಹಾಳೆ ಮಾಡಿಸಿದೆ. ಯಾವ ಕೆಲಸಕ್ಕೆ ಎಷ್ಟು, ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ ಇದರಲ್ಲೇ ಸೇರಿದೆ, ಮೂರನೆಯ ಸಲದಿಂದ ಬೇರೆ ದರ. ಯಾರಾದರೂ ಅಂಗಳಕ್ಕೆ ಬಂದು 'ಒಂಚೂರು ಬರೆದುಕೊಡಬೇಕಿತ್ತು' ಅಂದರೆ, ಚಾ ಕೊಟ್ಟು ಎಲ್ಲ ಕೇಳಿಕೊಳ್ಳುತ್ತೇನೆ. ಸಂಜೆ ವಾಟ್ಸ್ಆ್ಯಪ್‌ನಲ್ಲಿ ಹಾಳೆ ಕಳಿಸುತ್ತೇನೆ. ಮುಖ ನೋಡಿ ದರ ಹೇಳುವ ಸಂಕಟ ಇಲ್ಲ. ಮೊದಲ ವರ್ಷ ಇಬ್ಬರು ಬೇಜಾರು ಮಾಡಿಕೊಂಡರು. ಅವರಲ್ಲಿ ಒಬ್ಬರು ಮರುವರ್ಷ ತಾವಾಗಿಯೇ ಮುಂಗಡ ತಂದುಕೊಟ್ಟರು.

ಈ ಹಾಳೆಯ ಹಿಂದೆ ಒಂದು ದೊಡ್ಡ ಪೆಟ್ಟು ಇದೆ. ನಾಲ್ಕನೆಯ ವರ್ಷ ಒಂದು ಸಮಿತಿಗೆ 160 ಪುಟದ ಅಭಿನಂದನ ಗ್ರಂಥ ಬರೆದುಕೊಟ್ಟೆ. ಐದು ತಿಂಗಳ ಕೆಲಸ, ಬಾಯಿಮಾತಿನ ಒಪ್ಪಂದ. ಒಬ್ಬೊಬ್ಬ ಸದಸ್ಯರು ಒಂದೊಂದು ಹೇಳಿ 11 ಸಲ ತಿದ್ದಿಸಿದರು. ಸಮಾರಂಭ ಮುಗಿಯಿತು, ಸಮಿತಿಯೂ ಮುಗಿಯಿತು. ಯಾರ ಹತ್ರ ಕೇಳಬೇಕು ಅನ್ನುವುದೇ ತಿಳಿಯಲಿಲ್ಲ. ಒಪ್ಪಿದ್ದರಲ್ಲಿ ಅರ್ಧವೂ ಬರಲಿಲ್ಲ. ಆ ವರ್ಷ ಮಗನ ಫೀಸಿಗೆ ಬಳೆ ಅಡವಿಟ್ಟೆ. ಈಗ ಸಮಿತಿಯ ಕೆಲಸವಾದರೆ ಮೊದಲೇ ಒಬ್ಬರ ಹೆಸರು ಬರೆಸಿಕೊಳ್ಳುತ್ತೇನೆ, ತಿದ್ದುಪಡಿ ಏನಿದ್ದರೂ ಅವರೊಬ್ಬರಿಂದಲೇ ಬರಬೇಕು. ಕೊನೆಯ ಕಂತು ಬಂದ ಮೇಲೆಯೇ ಪ್ರೆಸ್‌ಗೆ ಫೈಲು ಹೋಗುತ್ತದೆ.

ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ಬೆಂಗಳೂರಿನ ಕೆಲಸಕ್ಕೆ ಸಾವಿರ ಜನ ಇದ್ದಾರೆ. ನಮ್ಮ ಜಿಲ್ಲೆಯ ವಸ್ತುವಿನ ಬಗ್ಗೆ ಒಳಗಿನಿಂದ ಬರೆಯಬಲ್ಲವರು ಬಹಳ ಕಡಿಮೆ. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ, ಅಂದ್ರೆ ಆ ಊರಿನದೇ ವಿಶೇಷ ಅನ್ನುವ ಜಿಐ ಗುರುತು ಸಿಕ್ಕಿತು. ಇಂಥದ್ದನ್ನು ಮಾರುವವರಿಗೆ ಪೊಟ್ಟಣದ ಮೇಲೆ, ವೆಬ್‌ಸೈಟಿನಲ್ಲಿ, ಮೇಳದ ಕರಪತ್ರದಲ್ಲಿ ಬರಹ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಒಬ್ಬರು ಹೊರಗಿನವರಿಂದ ಬರೆಸಿದ್ದನ್ನು ನನಗೆ ತೋರಿಸಿದರು. ಅದರಲ್ಲಿ ಸೊನೆಯ ಮಾತೇ ಇರಲಿಲ್ಲ! ಮಿಡಿಯ ತೊಟ್ಟು ಮುರಿದಾಗ ಬರುವ ಆ ಜೀರಿಗೆ ಪರಿಮಳ ಬಿಟ್ಟರೆ ಅಪ್ಪೆಮಿಡಿಯಲ್ಲಿ ಹೇಳಲು ಏನಿದೆ? ನಾನು ಅವರ ಮನೆಗೆ ಹೋಗಿ ಮಿಡಿ ಉಪ್ಪಿಗೆ ಹಾಕುವ ದಿನ ಜೊತೆಗೆ ಕೂತೆ. ಒಂದೂವರೆ ಪುಟ ಬರೆದೆ. ಈಗ ಐದು ವರ್ಷದಿಂದ ಅವರ ಎಲ್ಲ ಬರಹ ನನ್ನದೇ.

ಯಾಣದ ಕಡೆಯ ಒಂದು ಹೋಂಸ್ಟೇಗೂ ಹೀಗೇ. ಎರಡು ರಾತ್ರಿ ಉಳಿದು ಬಂದು ಬರೆದೆ. ಮಳೆಗಾಲದಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಇರುತ್ತದೆ, ಎಷ್ಟು ದೂರ ನಡೆಯಬೇಕು, ಮೊಬೈಲ್ ಎಲ್ಲಿ ಸಿಗುತ್ತದೆ, ಎಲ್ಲ ಹಾಕಿದೆ. ಮಾಲೀಕರಿಗೆ ಉಂಬಳದ ಮಾತು ಬೇಡವಾಗಿತ್ತು. ನಾನು ಬಿಡಲಿಲ್ಲ. ಗೊತ್ತಿದ್ದು ಬಂದವರು ಬೇಜಾರು ಮಾಡಿಕೊಂಡು ಹೋಗುವುದಿಲ್ಲ ಅಂತ ಅವರೇ ಆಮೇಲೆ ಫೋನ್ ಮಾಡಿ ಹೇಳಿದರು.

ತಿಂಗಳಿಂದ ತಿಂಗಳಿಗೆ ಏರಿಳಿತ ಇದ್ದೇ ಇರುತ್ತದೆ. ನಾನು ವರ್ಷದ ಲೆಕ್ಕ ಹಾಕುತ್ತೇನೆ. ಸೊಸೈಟಿಗಳ ಸರ್ವಸಾಧಾರಣ ಸಭೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ವರದಿ ಕೆಲಸ ಜುಲೈಗೇ ಶುರು. ಮಳೆ ನಿಂತ ಮೇಲೆ ಹೋಂಸ್ಟೇಗಳು. ನಿಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ, ಆಗ ಅಂಗಡಿಯವರ ಜಾಹೀರಾತಿಗೆ ಎರಡು ತಿಂಗಳು ಮೊದಲೇ ಹೋಗಿ ಮಾತಾಡಿ.

ಮಳೆಗಾಲದಲ್ಲಿ ಯಾವ ಕೆಲಸಕ್ಕೂ ಎರಡು ದಿನ ಹೆಚ್ಚಿಗೆ ಕೇಳಿ. ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನನ್ನ ಪ್ರೂಫ್ ಅಂಕೋಲೆಗೆ ತಲುಪಲಿಲ್ಲ. ಅಲ್ಲಿ ಹೋದ ಜೀವಗಳ ಮುಂದೆ ಅದು ಏನೂ ಅಲ್ಲ, ಆ ವಾರ ನನಗೆ ಒಂದು ಸಾಲೂ ಬರೆಯಲಾಗಲಿಲ್ಲ. ಆದ್ರೆ ಅಂಥ ದಿನಗಳೂ ಇಲ್ಲಿ ಬರುತ್ತವೆ ಅಂತ ಗಿರಾಕಿಗೆ ಮೊದಲೇ ತಿಳಿದಿರಬೇಕು.

ಉತ್ತರ 2 (ಕಾರವಾರದಿಂದ)

ನಾನು ಲೆಕ್ಕಪತ್ರ ಬರೆಯುವವನು, ಕೊಂಕಣಿ ಮತ್ತು ಕನ್ನಡ ಅನುವಾದವನ್ನೂ ಮಾಡುತ್ತೇನೆ. ಮೇಲಿನ ಅಕ್ಕ ಹೇಳಿದ್ದಕ್ಕೆ ದುಡ್ಡಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ ಮಾಡಿಸಿ. ಬರವಣಿಗೆಯೂ ಸೇವೆಯ ಲೆಕ್ಕಕ್ಕೆ ಬರುತ್ತದೆ. ಸರ್ಕಾರಿ ತಾಣದಲ್ಲಿ ಅದಕ್ಕೆ ಶುಲ್ಕ ಇಲ್ಲ, ದುಡ್ಡು ಕೇಳುವ ತಾಣ ಕಂಡರೆ ಅದು ದಲ್ಲಾಳಿಗಳದ್ದು. ಇದು ಯಾಕೆ ಬೇಕು ಅಂದ್ರೆ, 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣವರಿಗೆ ಕೊಡಬೇಕಾದ ಹಣವನ್ನು ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023-24ರ ಆರ್ಥಿಕ ವರ್ಷದಿಂದ ಇನ್ನೊಂದು ಬಿಗಿ ಬಂದಿದೆ. ಗಡುವು ಮೀರಿದ ಬಾಕಿಯನ್ನು ಕಂಪನಿ ನಿಜವಾಗಿ ಪಾವತಿಸುವ ತನಕ ತನ್ನ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ಹಾಕಿದ ದಿನದಿಂದ ನನಗೆ ಮಾರ್ಚ್ ತಿಂಗಳಲ್ಲಿ ಬಾಕಿ ಕೇಳಿ ಫೋನ್ ಮಾಡುವ ಕೆಲಸ ಎಷ್ಟೋ ಕಡಿಮೆಯಾಗಿದೆ. ಯಾವುದೇ ಕೆಲಸ ಒಪ್ಪುವ ಮೊದಲೇ ನೋಂದಣಿ ಆಗಿರಲಿ.

ಕಂಪನಿಗಳು ಸಾಮಾನ್ಯವಾಗಿ ನೂರಕ್ಕೆ 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತವೆ. ಅದು ಹೋದ ದುಡ್ಡಲ್ಲ. ನಿಮ್ಮ ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಜಿಎಸ್‌ಟಿ ಚಿಂತೆ ಈಗಲೇ ಬೇಡ, ಸೇವೆಗೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ.

ಉತ್ತರ 3 (ಅಂಕೋಲೆಯಿಂದ)

ನಾನು ಡಿಟಿಪಿ ಮಾಡುವವನು, ಅಂದ್ರೆ ಅಚ್ಚಿಗೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಪುಟ ಕಟ್ಟುವವನು. ಬರೆಯುವವರಿಗೂ ನಮಗೂ ಜಗಳ ಆಗುವುದು ಎರಡೇ ಕಾರಣಕ್ಕೆ. ಒಂದು, 'ಪುಟ' ಅಂದ್ರೆ ಯಾವ ಪುಟ? ಡೆಮಿ 1/8 ಪುಸ್ತಕದ ಪುಟವಾ, ಎ4 ಹಾಳೆಯಾ? ಒಂದರಲ್ಲಿ ಹಿಡಿಯುವ ಬರಹ ಇನ್ನೊಂದರ ಅರ್ಧಕ್ಕೆ ಹತ್ತಿರ. ಪದಗಳಲ್ಲೇ ಮಾತಾಡಿ.

ಇನ್ನೊಂದು, ನೀವು ಯೂನಿಕೋಡ್‌ನಲ್ಲಿ ಕಳಿಸುತ್ತೀರಿ, ನಮ್ಮಲ್ಲಿ ಹಲವರು ಇನ್ನೂ 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ಗೆ ಬದಲಿಸಿ ಪುಟ ಕಟ್ಟುತ್ತೇವೆ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆ ಕೆಡುತ್ತವೆ. ನಿಮ್ಮ ಫೈಲು ಸರಿ ಇದ್ದರೂ ಅಚ್ಚಾದ ಪುಸ್ತಕದಲ್ಲಿ ತಪ್ಪು ಇರುತ್ತದೆ, ಹೆಸರು ನಿಮ್ಮದೇ ಕೆಡುತ್ತದೆ. ಪುಟ ಕಟ್ಟಿದ ಮೇಲೆ ಪಿಡಿಎಫ್ ತರಿಸಿ ಒಂದು ಸಲ ಪೂರ್ತಿ ಓದಿ. ಅದಕ್ಕೂ ನಿಮ್ಮ ಹಾಳೆಯಲ್ಲಿ ದರ ಹಾಕಿ. ಕೊಡುವವರು ಕೊಡುತ್ತಾರೆ.

ಪ್ರಶ್ನೆ ಕೇಳಿದವರು (ಶಿರಸಿಯಿಂದ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಬಳೆಯ ಮಾತು ಓದಿ ಕಣ್ಣು ತುಂಬಿ ಬಂತು. ನಿನ್ನೆ ರಾತ್ರಿ ಕೂತು ಹಾಳೆ ಬರೆದೆ. ಬೆಂಗಳೂರಿನವರಿಗೆ ಮೂಲ ಪದಕ್ಕೆ 1.50 ಅಂತ ಮೇಲ್ ಹಾಕಿದೆ. ಯೋಚಿಸಿ ಹೇಳುತ್ತೇವೆ ಅಂದರು. ಅವರು ಹೊಸದಾಗಿ ಒಂದು ಕರಾರು ಕಳಿಸಿದ್ದಾರೆ. 'ಬರಹದ ಹಕ್ಕು ಕಂಪನಿಗೆ ಸೇರಿದ್ದು' ಅಂತ ಒಂದೇ ಸಾಲು ಇದೆ. ಸಹಿ ಹಾಕಬಹುದಾ?

ಉತ್ತರ 4 (ಕುಮಟೆಯಿಂದ)

1.50 ಕೇಳಿದ್ದು ಒಳ್ಳೆಯದಾಯಿತು. 1.25ಕ್ಕೆ ಬಂದರೂ ಒಪ್ಪಿಕೊಳ್ಳಿ, ಆರು ತಿಂಗಳ ನಂತರ ಮತ್ತೆ ಕೇಳಿ.

ಹಕ್ಕಿನ ವಿಷಯ ಸಮಾಧಾನದಿಂದ ನೋಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರರು ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು. ನೀವು ನೌಕರರಲ್ಲ, ಹಾಗಾಗಿ ನೀವು ಬರೆದದ್ದರ ಮೊದಲ ಹಕ್ಕು ನಿಮ್ಮದು. ಅದು ಅವರಿಗೆ ಹೋಗಬೇಕಾದರೆ ಬರಹದಲ್ಲಿ ನಿಮ್ಮ ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಕರಾರಿನಲ್ಲಿ ಹೇಳದಿದ್ದರೆ ಅದು ಐದು ವರ್ಷಕ್ಕೆ ಅಂತ ಲೆಕ್ಕ, ಯಾವ ದೇಶಕ್ಕೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಕಂಪನಿಯ ಕೈಪಿಡಿ, ಆ್ಯಪ್‌ನ ಸಾಲುಗಳಾದರೆ ನಾನು ಹಕ್ಕು ಬಿಟ್ಟುಕೊಡುತ್ತೇನೆ, ಅವನ್ನು ಇಟ್ಟುಕೊಂಡು ನಾನೇನು ಮಾಡಲಿ? ಆದರೆ ಪೂರ್ತಿ ಹಣ ಬಂದ ಮೇಲೆಯೇ ಹಕ್ಕು ಅವರದಾಗುತ್ತದೆ ಅನ್ನುವ ಒಂದು ಸಾಲು ಸೇರಿಸಿ ಅನ್ನುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಬೇಡ ಅಂದಿಲ್ಲ.

ಊರಿನ ಮನೆತನದ ಕಥೆ, ಹಿರಿಯರ ಮಾತು ಸಂಗ್ರಹಿಸಿ ಬರೆದದ್ದು ಮಾತ್ರ ಹಾಗೆ ಬಿಟ್ಟುಕೊಡಬೇಡಿ. ಆ ಪುಸ್ತಕ ಒಂದು ಸಲ ಅಚ್ಚು ಹಾಕಲು ಒಪ್ಪಿಗೆ ಅಂತ ಬರೆದುಕೊಡಿ ಸಾಕು.

ಆ ಕರಾರನ್ನು ಹೆಸರು ಅಳಿಸಿ ನನಗೆ ಕಳಿಸಿ. ಭಾನುವಾರ ಮಧ್ಯಾಹ್ನ ಓದಿ, ಎಲ್ಲಿ ಏನು ಸೇರಿಸಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಅಲ್ಲಿಯವರೆಗೆ ಸಹಿ ಹಾಕಬೇಡಿ.