ಫಾರ್ವರ್ಡ್ ಮಾಡಿದ ಹುಡುಗನ ಮೇಲೆ ಕೇಸ್ ಹಾಕಬೇಕಾ?

ಪ್ರಶ್ನೆ (ಹುಡುಗನ ಅಮ್ಮ):
ನನ್ನ ಮಗನಿಗೆ 14 ವರ್ಷ. ಅವನ ತರಗತಿಯ ಹುಡುಗಿಯೊಬ್ಬಳು ಯಾವನನ್ನೋ ನಂಬಿ ಕಳಿಸಿದ್ದ ಖಾಸಗಿ ಫೋಟೋ ಹುಡುಗರ ಗ್ರೂಪಿಗೆ ಬಂದಿದೆ. ನನ್ನ ಮಗ ಅದನ್ನು ಇನ್ನೊಂದು ಗ್ರೂಪಿಗೆ ದಾಟಿಸಿ, ಕೆಳಗೆ ಮೂರು ನಗುವ ಮುಖ ಹಾಕಿದ್ದಾನೆ. ನಾನು ಫೋನ್ ಕಿತ್ಕೊಂಡು ನೋಡುವಷ್ಟರಲ್ಲಿ ಫೋಟೋ ಅಳಿಸಿದ್ದ. ಆ ಮೂರು ಮುಖ ಮಾತ್ರ ಹಾಗೇ ಉಳಿದಿದ್ದವು. ಎರಡು ರಾತ್ರಿಯಿಂದ ಕಣ್ಣು ಮುಚ್ಚಿದರೆ ಅವೇ ಕಾಣುತ್ತಿವೆ.

"ಯಾಕೋ ಕಳಿಸಿದೆ?" ಅಂದ್ರೆ "ಎಲ್ರೂ ಕಳಿಸ್ತಿದ್ರು ಅಮ್ಮ" ಅಂತಾನೆ.

ಹುಡುಗಿ ಒಂದು ವಾರದಿಂದ ಶಾಲೆಗೆ ಬಂದಿಲ್ಲ. ಅವಳ ಅಮ್ಮ ಪೊಲೀಸರಿಗೆ ದೂರು ಕೊಡ್ತೀನಿ ಅಂದಿದ್ದಾರೆ. ಬೇಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಆದರೂ ಕೇಳ್ತೀನಿ, ಈ ವಯಸ್ಸಿಗೆ ಕ್ರಿಮಿನಲ್ ಕೇಸ್ ಸರಿಯಾ? ಇನ್ನೊಂದು, ಫೋಟೋ ತೆಗೆದುಕೊಂಡಿದ್ದಕ್ಕೆ ಆ ಹುಡುಗಿಯೂ ಸಿಕ್ಕಿಹಾಕಿಕೊಳ್ತಾಳೆ ಅಂತ ಯಾರೋ ಹೇಳಿದರು. ನಿಜವಾ?

ಉತ್ತರ 1 (ಮಕ್ಕಳ ಆಪ್ತಸಮಾಲೋಚಕಿ):
ಹುಡುಗಿಯ ವಿಷಯ ಮೊದಲು. ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧದ ಕಾನೂನುಗಳನ್ನು ಬರೆದದ್ದು ಮಕ್ಕಳನ್ನು ಬಳಸಿಕೊಳ್ಳುವ ದೊಡ್ಡವರನ್ನು ಹಿಡಿಯೋಕೆ. ಹಾಗಾಗಿ 18ರೊಳಗಿನವರ ಅಂಥ ಚಿತ್ರವನ್ನು ಯಾರು ತೆಗೆದರೂ ತಪ್ಪು ಅಂತ ಬರೆದುಬಿಟ್ಟಿದ್ದಾರೆ. ತೆಗೆದವಳೂ ಚಿತ್ರದಲ್ಲಿರುವವಳೂ ಒಬ್ಬಳೇ ಆದಾಗ ಏನು ಮಾಡಬೇಕು ಅನ್ನೋದು ಹಲವು ಕಡೆ ಸ್ಪಷ್ಟವಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 2001ರಲ್ಲೇ ತಾವೇ ತೆಗೆದು ಸ್ವಂತಕ್ಕೆ ಇಟ್ಟುಕೊಂಡ ಚಿತ್ರಕ್ಕೆ ಸೀಮಿತ ವಿನಾಯಿತಿ ಕೊಟ್ಟಿತು. ಮಕ್ಕಳು ತಾವೇ ತೆಗೆದು, ಒಪ್ಪಿಗೆಯಿಂದ, ತಮ್ಮ ಖಾಸಗಿ ಬಳಕೆಗಷ್ಟೇ ಹಂಚಿಕೊಂಡದ್ದನ್ನು ಅಪರಾಧ ಮಾಡಬಾರದು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2021ರಲ್ಲಿ ಹೇಳಿದೆ.

ನಿಮ್ಮ ಮಗ ಮಾಡಿದ್ದು ಇದರೊಳಗೆ ಬರಲ್ಲ ಮೇಡಂ. ಅವಳು ಒಪ್ಪಿದ್ದು ಒಬ್ಬನಿಗೆ. ಆದರೆ ಜೀವನಪೂರ್ತಿ ಬೆನ್ನು ಬಿಡದ ಕೇಸೂ ನನಗೆ ಸರಿ ಅನ್ನಿಸಲ್ಲ. ಬೆದರಿಸಿದ್ದರೆ, ದುಡ್ಡು ಕೇಳಿದ್ದರೆ, ಇನ್ನಷ್ಟು ಫೋಟೋಗೆ ಪೀಡಿಸಿದ್ದರೆ ಮಾತೇ ಬೇರೆ. ಆಗ ಮಕ್ಕಳ ನ್ಯಾಯ ವ್ಯವಸ್ಥೆ ಮಧ್ಯೆ ಬರಲೇಬೇಕು.

ಉತ್ತರ 2 (ಇಬ್ಬರು ಹೆಣ್ಣುಮಕ್ಕಳ ಅಪ್ಪ):
ಎಲ್ಲರೂ ಹುಡುಗನ ಭವಿಷ್ಯ ಅಂತೀರಿ. ಒಂದು ವಾರದಿಂದ ಕೋಣೆಯೊಳಗೆ ಕೂತಿರುವ ಹುಡುಗಿಗೆ ಭವಿಷ್ಯ ಇಲ್ವಾ? ಜೈಲಿಗೆ ಹಾಕಿ ಅಂತ ನಾನೂ ಹೇಳಲ್ಲ. ದೂರು ದಾಖಲಾಗಲಿ, ವಿಚಾರಣೆಗೆ ಅವನು ಅಪ್ಪ ಅಮ್ಮನ ಜೊತೆ ಕೂತು ಉತ್ತರ ಕೊಡಲಿ. "ಹುಡುಗಾಟ" ಅಂತ ತಳ್ಳಿಹಾಕಿದರೆ ಅವಳ ಕಣ್ಣೀರಿಗೆ ಲೆಕ್ಕವೇ ಇಲ್ಲ ಅಂದಂಗಾಯ್ತು.

ಉತ್ತರ 3 (ಸೈಬರ್ ಸುರಕ್ಷತೆ ತರಬೇತುದಾರ):
ಕೇಸಿನ ಮಾತು ಆಮೇಲೆ, ಮೊದಲು ಫೋಟೋ ಹರಡೋದು ನಿಲ್ಲಬೇಕು. ಸಾಕ್ಷಿ ಅಂತ ಅದನ್ನು ಶಾಲೆಗೆ, ಬೇರೆ ಪೋಷಕರಿಗೆ ಯಾರೂ ಕಳಿಸಬೇಡಿ. ಹಾಗೆ ಕಳಿಸುವುದೂ, ಫೋನಲ್ಲಿ ಇಟ್ಟುಕೊಳ್ಳುವುದೂ ಎಷ್ಟೋ ಕಡೆ ಅಪರಾಧವೇ. ಗ್ರೂಪಿನ ಹೆಸರು, ಖಾತೆ, ದಿನ, ಹೊತ್ತು ಬರೆದಿಟ್ಟುಕೊಳ್ಳಿ.

ಹುಡುಗಿಯ ಮನೆಯವರಿಗೆ 'ಟೇಕ್ ಇಟ್ ಡೌನ್' ಬಗ್ಗೆ ತಿಳಿಸಿ. ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರಲ್ಲಿ ಶುರು ಮಾಡಿದ ಉಚಿತ ಸೇವೆ. ಫೋಟೋ ಅವಳ ಫೋನ್ ಬಿಟ್ಟು ಹೋಗಲ್ಲ. ಬೆರಳಚ್ಚಿನಂಥ ಒಂದು ಸಂಕೇತ, ಹ್ಯಾಶ್ ಅಂತಾರೆ, ಅದಷ್ಟೇ ಹೋಗುತ್ತದೆ. ಸೇವೆಗೆ ಸೇರಿರುವ ಕಂಪನಿಗಳು ಆ ಸಂಕೇತ ಹಿಡಿದು ಫೋಟೋ ಹುಡುಕಿ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆಗಿರುವ, ಅಂದರೆ ಕಂಪನಿಗೂ ಒಳಗಿನದು ಕಾಣದ, ಚಾಟ್ ಗ್ರೂಪಿನೊಳಗೆ ಮಾತ್ರ ಇದು ನಡೆಯಲ್ಲ. ಅಲ್ಲಿ ಒಬ್ಬೊಬ್ಬರ ಫೋನಿಂದಲೇ ಅಳಿಸಬೇಕು.

ಮತ್ತೆ ಹುಡುಗನ ಅಮ್ಮ:
ಉತ್ತರ 2 ಬರೆದವರೇ, ನಿಮ್ಮ ಮಾತು ಚುಚ್ಚಿತು, ಚುಚ್ಚಲೇಬೇಕಿತ್ತು. ನಾನು ಇಷ್ಟು ದಿನ ಯೋಚಿಸಿದ್ದೆಲ್ಲ ನನ್ನ ಮಗನ ಬಗ್ಗೆಯೇ.

ನಿನ್ನೆ ರಾತ್ರಿ ಕೂರಿಸಿಕೊಂಡು, ಫೋಟೋ ಯಾರ್‍ಯಾರ ಹತ್ತಿರ ಇದೆ ಬರಿ ಅಂದೆ. ನೋಟ್‌ಬುಕ್ಕಿನ ಹಾಳೆ ಹರಿದು 11 ಹೆಸರು ಬರೆದ. ಮೊದಲನೆಯದು ಅವನದೇ, ಅದನ್ನು ನಾನು ಹೇಳಿಸಿದ್ದಲ್ಲ. ಇವತ್ತು ಸಂಜೆ ಆ ಹಾಳೆ ಹಿಡಿದು ಹುಡುಗಿಯ ಮನೆಗೆ ಹೋಗ್ತಿದ್ದೀನಿ, ಒಬ್ಬಳೇ. ಅವನ ಮುಖ ನೋಡಬೇಕೋ ಬೇಡವೋ ಅನ್ನೋದು ಅವಳಿಗೆ ಬಿಟ್ಟಿದ್ದು. ಅವರು ದೂರು ಕೊಟ್ಟರೆ ಈ ಹಾಳೆಯೂ ಅದರ ಜೊತೆ ಹೋಗಲಿ.